ಸೆಟ್ಟಾಗದ ಸೆಟ್ಟು ಮತ್ತು ಅಪ್ಪನ ಸುಟ್ಟ ಮೋಟ್ರು

ಮೊನ್ನೆ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಮೊಬೈಲ್ ನೋಡಿದರೆ ನಮ್ಮ ಇಂಜಿನಿಯರಿಂಗ್ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಫಾರ್ವರ್ಡು ಬಂದು ಕೂತಿತ್ತು. "ಇಂಗ್ಲಿಷಿನ ‘ಸೆಟ್’ ಅನ್ನೋ ಮೂರೇ ಅಕ್ಷರದ ಪದಕ್ಕೆ 430 ಅರ್ಥ! ಜಗತ್ತಿನ ಶ್ರೀಮಂತ ಭಾಷೆ ಯಾವುದು ಅಂತ ಇನ್ನೂ ಹೇಳಬೇಕಾ?" ಅದರ ಕೆಳಗೆ ಒಬ್ಬ "ಕನ್ನಡದಲ್ಲಿ ಇಂಥ ಒಂದು ಪದ ತೋರ್ಸಿ ನೋಡೋಣ" ಅಂದ. ಇನ್ನೊಬ್ಬನಿಗೆ ರಕ್ತ ಕುದಿಯಿತು. "ನಮ್ಮದು ಎರಡು ಸಾವಿರ ವರ್ಷದ ಇತಿಹಾಸ ಇರೋ ಭಾಷೆ, ಸಾಲ ತಂದ ಪದಗಳ ಭಾಷೆ ಜೊತೆ ಹೋಲಿಸ್ತೀಯಾ" ಅಂತ ಶುರು ಮಾಡಿದ. ಮಧ್ಯಾಹ್ನದ ಊಟದ ಹೊತ್ತಿಗೆ ಇಬ್ಬರು ಗುಂಪು ಬಿಟ್ಟಿದ್ದರು. ಗೆದ್ದವರು ಯಾರು ಅಂತ ಗೊತ್ತಾಗಲಿಲ್ಲ.

ನಾನು ಒಂದಕ್ಷರವೂ ಬರೆಯಲಿಲ್ಲ. ಯಾಕಂದ್ರೆ ಹಿಂದಿನ ತಿಂಗಳಷ್ಟೇ ಈ ‘ಸೆಟ್’ ಎಂಬ ಪದ ನಮ್ಮನೆ ಬೋರ್‌ವೆಲ್ ಮೋಟ್ರನ್ನು ಸುಟ್ಟುಹಾಕಿತ್ತು. ಆ ಸಿಟ್ಟು ವಾಟ್ಸಾಪಿನಲ್ಲಿ ಹಿಡಿಸುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ತಡ್ಕೊಳ್ಳಿ.

ಮೊದಲು ಆ 430ರ ಲೆಕ್ಕ ಮುಗಿಸಿಬಿಡೋಣ. ಸಂಖ್ಯೆ ಸುಳ್ಳಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ‘ಸೆಟ್’ ಕ್ರಿಯಾಪದದ್ದೇ. ಸುಮಾರು 430 ಅರ್ಥ, ಅವುಗಳ ವಿವರಣೆಗೆ ಸುಮಾರು 60,000 ಪದ. ಒಂದು ಕಾದಂಬರಿಯಷ್ಟಾಯ್ತು! ಆದರೆ ಫಾರ್ವರ್ಡು ಮಾಡೋರಿಗೆ ಸುದ್ದಿ ತಡವಾಗಿ ಮುಟ್ಟುತ್ತೆ. ಸೆಟ್ಟಿನ ಪಟ್ಟ ಹೋಗಿ ಬಹಳ ವರ್ಷ ಆಯ್ತು. ಮೂರನೇ ಆವೃತ್ತಿಗಾಗಿ ಪದಗಳನ್ನು ಪರಿಷ್ಕರಿಸ್ತಾ ಹೋದಂತೆ 2000ದಲ್ಲಿ ‘ಮೇಕ್’, 2007ರಲ್ಲಿ ‘ಪುಟ್’, 2011ರಲ್ಲಿ ‘ರನ್’ ಒಂದಾದ ಮೇಲೊಂದು ಮೊದಲ ಸ್ಥಾನಕ್ಕೆ ಬಂದವು. ರನ್ ಕ್ರಿಯಾಪದ ಒಂದಕ್ಕೇ 645 ಅರ್ಥ. ಪೀಟರ್ ಗಿಲಿವರ್ ಎಂಬ ನಿಘಂಟುಕಾರರು ಆ ಒಂದೇ ಪದದ ಮುಂದೆ ಒಂಬತ್ತು ತಿಂಗಳು ಕೂತಿದ್ದರು.

ಈಗ ನೀವೇ ಯೋಚನೆ ಮಾಡಿ. ಹಳೇ ಆವೃತ್ತಿಯಲ್ಲಿ ಸೆಟ್ಟಿಗಿಂತ ಹಿಂದಿದ್ದ ರನ್ ಹೊಸದರಲ್ಲಿ ಮುಂದೆ ಬಂದಿದ್ದು ಹೇಗೆ? ಯಂತ್ರ, ಕಂಪ್ಯೂಟರ್ ಬಂದು ಒಂದಷ್ಟು ಹೊಸ ಅರ್ಥ ಸೇರಿದ್ದು ನಿಜ. ಆದರೆ ಇಂಗ್ಲಿಷರೆಲ್ಲ ಇದ್ದಕ್ಕಿದ್ದಂತೆ ಜಾಸ್ತಿ ಓಡೋಕೆ ಶುರು ಮಾಡಿದರು ಅಂತೇನೂ ಅಲ್ಲವಲ್ಲ :-) ಯಾರೋ ಒಬ್ಬರು ಒಂಬತ್ತು ತಿಂಗಳು ಕೂತು, ಸಿಕ್ಕಿದ ಪ್ರತಿ ಬಳಕೆಯನ್ನೂ ಬಿಡಿಸಿ ನೋಡಿ ಎಣಿಸಿದರು. ಇನ್ನೂ ಪರಿಷ್ಕರಣೆ ಆಗದ ಪದದ ಲೆಕ್ಕ ಹಳೇದೇ ಉಳಿಯಿತು. ಅಂದರೆ ಈ ಸಂಖ್ಯೆ ಅಳೆಯೋದು ನಿಘಂಟು ಮಾಡಿದವರ ಶ್ರಮವನ್ನು. ಅದಕ್ಕೆ ಕೈ ಮುಗೀತೀನಿ. ಆದರೆ ಅದನ್ನು ತಂದು ಭಾಷೆಯ ಸಿರಿವಂತಿಕೆಯ ಪಾಸ್‌ಬುಕ್ ಥರ ತೋರಿಸಬೇಡಿ.

ಇನ್ನೊಂದು ವಿಷಯ. ‘ಸೆಟ್’ ಅನ್ನೋದು ಮೂಲದಲ್ಲಿ ಒಂದೇ ಪದವೂ ಅಲ್ಲ. ಕ್ರಿಯಾಪದ ಹಳೇ ಇಂಗ್ಲಿಷಿನ ‘ಸೆಟ್ಟನ್’ನಿಂದ ಬಂದದ್ದು. ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಕೂರಿಸು. ನಾವು ಕೂರುವುದಕ್ಕೆ ‘ಇಸು’ ಸೇರಿಸಿ ಕೂರಿಸು ಮಾಡಿಕೊಂಡ ಹಾಗೇ. ಗುಂಪು, ಸಮೂಹ ಅನ್ನೋ ಅರ್ಥದ ಸೆಟ್ ನಾಮಪದದ ಮೂಲ ಬೇರೆ, ಅದು ಹಳೇ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಬಂದದ್ದು. ಎರಡು ಬೇರೆ ಬೇರೆ ಊರಿನವರು ಒಂದೇ ಹೆಸರಿಟ್ಟುಕೊಂಡು ಒಂದೇ ಮನೆಯಲ್ಲಿದ್ದಾರೆ ಅಷ್ಟೇ. ನಮ್ಮಲ್ಲೂ ಹೊತ್ತು ಕಂತುತ್ತೆ, ಸಾಲದ್ದೂ ಕಂತಿರುತ್ತೆ, ಧಾರಾವಾಹಿಯದ್ದೂ ಕಂತಿರುತ್ತೆ. ಅದಕ್ಕೆ ನಾವು ಯಾವತ್ತಾದರೂ ಮೆರವಣಿಗೆ ತೆಗೆದಿದ್ದೇವಾ?

"ಕನ್ನಡದಲ್ಲಿ ಒಂದು ತೋರ್ಸಿ" ಅಂದ ಗೆಳೆಯನಿಗೆ ಉತ್ತರ ಕೊಡೋದೂ ಕಷ್ಟ ಏನಲ್ಲ. ‘ಹಿಡಿ’ ತಗೊಳ್ಳಿ. ಕೈ ಹಿಡೀತೀವಿ, ಬಸ್ ಹಿಡೀತೀವಿ, ಕಳ್ಳನನ್ನೂ ಹಿಡೀತೀವಿ. ಹುಚ್ಚು ಹಿಡಿಯುತ್ತೆ, ತುಕ್ಕು ಹಿಡಿಯುತ್ತೆ, ಸೂರ್ಯನಿಗೆ ಗ್ರಹಣ ಹಿಡಿಯುತ್ತೆ, ಅನ್ನ ತಳ ಹಿಡಿಯುತ್ತೆ. ಮಳೆ ಹಿಡ್ಕೊಂಡರೆ ಬಿಡಲ್ಲ, ಮಗು ಹಠ ಹಿಡಿದರೂ ಬಿಡಲ್ಲ. ಈ ಪಾತ್ರೆ ಎರಡು ಲೀಟರ್ ಹಿಡಿಯುತ್ತೆ, ಈ ಕೆಲಸ ಎರಡು ದಿನ ಹಿಡಿಯುತ್ತೆ. ಬೆಂಗಳೂರಿನಿಂದ ಹಿಡಿದು ಬೀದರ್‌ವರೆಗೆ. ಒಂದು ಹಿಡಿ ಅಕ್ಕಿ, ಕತ್ತಿಯ ಹಿಡಿ. ಸಂಬಳದಲ್ಲಿ ಹಿಡ್ಕೋತಾರೆ. ಹುಡುಗಿ ಹಿಡಿಸಿದಳು ಅಂದರೆ ಮದುವೆ! ಕಾಫಿ ಕುಡಿದು ಮುಗಿಸೋದರೊಳಗೆ ನನಗೆ ಇಷ್ಟು ಹೊಳೀತು. ನನಗೆ ಒಂಬತ್ತು ತಿಂಗಳು ರಜೆ ಕೊಟ್ಟರೆ ಎಲ್ಲಿಗೆ ಮುಟ್ಟಬಹುದು ಲೆಕ್ಕ ಹಾಕಿ.

ಹಾಗಂತ ನಾನು ಕನ್ನಡದ ಬಾವುಟ ಹಿಡಿದು (ನೋಡಿ, ಇನ್ನೊಂದು!) ಗೆದ್ದೆ ಅಂತ ಕುಣೀತಿಲ್ಲ. ಸಣ್ಣ, ಹಳೇ, ದಿನಬಳಕೆಯ ಕ್ರಿಯಾಪದಗಳು ಎಲ್ಲ ಭಾಷೆಯಲ್ಲೂ ಹೀಗೇ ಹರಡಿಕೊಳ್ಳುತ್ತವೆ. ಹಳೇ ಮನೆಯಲ್ಲಿ ಒಂದೇ ಚೊಂಬು ನೀರಿಗೂ, ಸ್ನಾನಕ್ಕೂ, ಪೂಜೆಗೂ, ಅಕ್ಕಿ ಅಳೆಯೋಕೂ ಆಗ್ತಿತ್ತಲ್ಲ, ಹಾಗೆ. ಅದರಲ್ಲಿ ಹೆಮ್ಮೆ ಪಡೋಕೂ ಏನಿಲ್ಲ, ನಾಚಿಕೆ ಪಡೋಕೂ ಏನಿಲ್ಲ.

ಇರಲಿ. ನಿಜವಾದ ತಮಾಷೆ ಇರೋದು ಈ ಸೆಟ್ಟನ್ನು ಕನ್ನಡಕ್ಕೆ ತರೋವಾಗ. ಅಲ್ಲಿ ಸೂರ್ಯ ‘ಸೆಟ್’ ಆದರೆ ಇಲ್ಲಿ ಮುಳುಗುತ್ತಾನೆ. ಅಲ್ಲಿ ಮೊಸರು ಸೆಟ್ ಆದರೆ ಇಲ್ಲಿ ಹೆಪ್ಪುಗಟ್ಟುತ್ತೆ. ಸಿಮೆಂಟು ಗಟ್ಟಿಯಾಗುತ್ತೆ. ಅಲಾರಂ ಇಡುತ್ತೇವೆ, ಇಲಿಬೋನೂ ಇಡುತ್ತೇವೆ, ಬೆಂಕಿ ಹಚ್ಚುತ್ತೇವೆ. ಮೇಷ್ಟ್ರು ಪ್ರಶ್ನೆಪತ್ರಿಕೆ ತೆಗೀತಾರೆ. ಮದುವೆಗೆ ದಿನ ಗೊತ್ತು ಮಾಡ್ತಾರೆ. ಉಂಗುರಕ್ಕೆ ಹರಳು ಕೂರಿಸ್ತಾರೆ, ಮುರಿದ ಮೂಳೆ ಕೂರಿಸ್ತಾರೆ. ಓಟಗಾರ ದಾಖಲೆ ಬರೀತಾನೆ. ಇಂಗ್ಲಿಷಿನವನು ಒಂದೇ ಪದದಲ್ಲಿ ಹೇಳಿದ್ದಕ್ಕೆ ನಮ್ಮಲ್ಲಿ ಹತ್ತು ಹನ್ನೆರಡು ಪದ. ಯಾರು ಶ್ರೀಮಂತ? ಪ್ರಶ್ನೆಯೇ ಪೆದ್ದು ಅನ್ನೋದು ಇಷ್ಟು ಹೊತ್ತಿಗೆ ನಿಮಗೂ ಅನ್ನಿಸಿರಬೇಕು. ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲಿಯ ಸೆಟ್ಟು? ಯಾವುದನ್ನು ಸೆಟ್ ಮಾಡೋದು?

ಆ ಪ್ರಶ್ನೆಯನ್ನು ಯಾರೋ ಕೇಳದೇ ಹೋದದ್ದರಿಂದಲೇ ನಮ್ಮ ಮೋಟ್ರು ಸುಟ್ಟಿದ್ದು.

ನಮ್ಮೂರು ತಿಪಟೂರಿನ ಹತ್ತಿರ. ಅಪ್ಪನದು ತೆಂಗಿನ ತೋಟ, ಒಂದು ಬೋರ್‌ವೆಲ್, ಏಳೂವರೆ ಎಚ್‌ಪಿ ಮೋಟ್ರು. ತ್ರೀಫೇಸ್ ಕರೆಂಟು ಯಾವಾಗ ಬರುತ್ತೋ ಆವಾಗ ಎದ್ದು ಹೋಗಿ ಸ್ಟಾರ್ಟರ್ ಒತ್ತಬೇಕು. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ತೋಟಕ್ಕೆ ಹೋಗೋ ಅಪ್ಪನನ್ನು ನೋಡಲಾರದೆ, ಮೊಬೈಲಿನಿಂದಲೇ ಮೋಟ್ರು ಆನ್ ಆಫ್ ಮಾಡೋ ಒಂದು ಕಂಟ್ರೋಲರ್ ತಂದು ಹಾಕಿಸಿದೆ. ಜೊತೆಗೆ ಬಂದ ಆ್ಯಪ್‌ನಲ್ಲಿ ಕನ್ನಡವೂ ಇತ್ತು. ಖುಷಿಯಿಂದ ನಾನೇ ಅಪ್ಪನ ಫೋನಿನಲ್ಲಿ ಕನ್ನಡ ಮಾಡಿಟ್ಟು ಬೆಂಗಳೂರಿಗೆ ಬಂದೆ. ಕನ್ನಡಾಭಿಮಾನ ನೋಡಿ!

ಅದರಲ್ಲಿ ಡ್ರೈ ರನ್ ಅಂತ ಒಂದು ರಕ್ಷಣೆ ಇದೆ. ಬೋರಿನಲ್ಲಿ ನೀರು ಇಳಿದುಹೋಗಿ ಮೋಟ್ರು ಖಾಲಿ ತಿರುಗಿದರೆ ಅದು ಎಳೆಯೋ ಕರೆಂಟು ಕಡಿಮೆಯಾಗುತ್ತೆ. ಇಂತಿಷ್ಟು ಆಂಪಿಯರ್‌ಗಿಂತ ಕೆಳಗೆ ಬಂದರೆ ಮೋಟ್ರು ಆಫ್ ಮಾಡು ಅಂತ ಒಂದು ಅಂಕಿ ಹಾಕಿ ಇಡಬೇಕು. ಬೋರ್‌ವೆಲ್ ಮೋಟ್ರು ತಣ್ಣಗಿರೋದೇ ಸುತ್ತಲಿನ ನೀರಿನಿಂದ. ನೀರಿಲ್ಲದೆ ತಿರುಗಿದರೆ ಸುಟ್ಟಿತು ಅಂತಲೇ ಲೆಕ್ಕ.

ಒಂದು ಸಂಜೆ ಮೆಕ್ಯಾನಿಕ್ ಬಂದು ಅಪ್ಪನಿಗೆ "ಈ ಅಂಕಿ ಸ್ವಲ್ಪ ಏರ್ಸಿ ಗೌಡ್ರೆ" ಅಂತ ಹೇಳಿ ಹೋಗಿದ್ದಾನೆ. ಅಪ್ಪ ಅಂಕಿ ಬದಲಾಯಿಸಿದ್ದಾರೆ. ಕೆಳಗೆ ಎರಡು ಗುಂಡಿ. ಇಂಗ್ಲಿಷಿನಲ್ಲಿ ಅವು ‘ಸೆಟ್’ ಮತ್ತು ‘ರೀಸೆಟ್’. ಕನ್ನಡದಲ್ಲಿ ಏನಿತ್ತು ಗೊತ್ತಾ? ಒಂದು ‘ಗಣ’. ಇನ್ನೊಂದು ‘ಮರುಹೊಂದಿಸಿ’.

ಹೌದು, ಗಣ. ಹೈಸ್ಕೂಲಿನ ಗಣಿತದಲ್ಲಿ ಶೂನ್ಯ ಗಣ, ಉಪಗಣ ಅಂತ ಓದಿದ್ವಲ್ಲ, ಅದೇ ಗಣ. ಅಪ್ಪ ನನಗೆ ಫೋನ್ ಮಾಡಿದರು.

"ಮಗಾ, ಇದ್ರಾಗೆ ಗಣ ಅಂತ ಐತಲ್ಲ, ಏನ್ಲಾ ಅದು? ಗಣಪತಿದಾ?"

ನಾನು ಮೀಟಿಂಗಿನಲ್ಲಿದ್ದೆ. "ಅಪ್ಪಾ, ಆಮೇಲೆ ಮಾಡ್ತೀನಿ, ಅದನ್ನೇನೂ ಮುಟ್ಬೇಡ" ಅಂದೆ. ಆಮೇಲೆ ಮಾಡಲಿಲ್ಲ.

ಅಪ್ಪ ಯೋಚನೆ ಮಾಡಿದ್ದಾರೆ. ಗಣ ಅಂದರೆ ಏನೋ ಗೊತ್ತಿಲ್ಲ. ಮರುಹೊಂದಿಸಿ ಅಂದರೆ ಮತ್ತೆ ಹೊಂದಿಸೋದು. ತಾನು ಮಾಡ್ತಿರೋದೂ ಅದೇ ಅಲ್ಲವಾ, ಇದ್ದ ಅಂಕಿಯನ್ನು ಮತ್ತೆ ಹೊಂದಿಸ್ತಿರೋದು. ಒತ್ತಿದ್ದಾರೆ. ಅಂಕಿ ಸೊನ್ನೆ ಆಯ್ತು. ರಕ್ಷಣೆ ಹೋಯ್ತು. ಎಂಟು ದಿನದ ಮೇಲೆ ಒಂದು ರಾತ್ರಿ ನೀರು ಇಳಿಯಿತು, ಮೋಟ್ರು ಬೆಳಗಿನವರೆಗೂ ಖಾಲಿ ತಿರುಗಿ ಕಾಯಿಲ್ ಸುಟ್ಟುಕೊಂಡಿತು. ಆರುನೂರೈವತ್ತು ಅಡಿಯಿಂದ ಪೈಪು, ಕೇಬಲ್ ಸಮೇತ ಮೋಟ್ರು ಎತ್ತಿಸಿ, ರಿವೈಂಡಿಂಗ್ ಮಾಡಿಸಿ ಮತ್ತೆ ಇಳಿಸೋದರೊಳಗೆ ಹನ್ನೊಂದು ದಿನ. ಏಪ್ರಿಲ್ ತಿಂಗಳು. ಹೊಸದಾಗಿ ನೆಟ್ಟಿದ್ದ ಅರವತ್ತು ಸಸಿಯಲ್ಲಿ ಅರ್ಧಕ್ಕರ್ಧ ಒಣಗಿದವು.

ನನ್ನ ತರ್ಕದ ಬುದ್ಧಿಗೆ ನೋಡಿದರೆ ಅಪ್ಪ ಒಂದು ತಪ್ಪೂ ಮಾಡಿಲ್ಲ. ಓದಿದರು, ಕನ್ನಡದಲ್ಲಿ ಏನು ಬರೆದಿತ್ತೋ ಹಾಗೇ ಅರ್ಥ ಮಾಡ್ಕೊಂಡರು. ತಪ್ಪಿದ್ದು ಕನ್ನಡ ಓದಿದವರದ್ದಲ್ಲ, ಬರೆಸಿದವರದ್ದು.

ಆದರೆ ತೀರ್ಪು ಏನು ಬಂತು ಗೊತ್ತಾ? ಮೋಟ್ರು ಎತ್ತೋಕೆ ಬಂದವನು ಹೇಳಿದ: "ಕನ್ನಡಕ್ಕೆ ಹಾಕ್ಕಂಡಿದ್ದೇ ತಪ್ಪು ಗೌಡ್ರೆ. ಇಂಥವೆಲ್ಲ ಇಂಗ್ಲೀಷಲ್ಲೇ ಇಟ್ಕಬೇಕು." ಅಪ್ಪ ಅಲ್ಲೇ ಫೋನು ಅವನ ಕೈಗೆ ಕೊಟ್ಟು ಇಂಗ್ಲಿಷ್ ಮಾಡಿಸ್ಕೊಂಡರು. ಈಗ ಅವರಿಗೆ ಅರ್ಥವಾಗದ ಭಾಷೆಯಲ್ಲಿ, ಎಡಗಡೆ ಗುಂಡಿ ಅಂದರೆ ಸರಿ, ಬಲಗಡೆ ಗುಂಡಿ ಮುಟ್ಟಬಾರದು ಅಂತ ಬಾಯಿಪಾಠ ಮಾಡ್ಕೊಂಡು ನಡೆಸ್ತಿದ್ದಾರೆ.

ನನಗೆ ಸಸಿಗಿಂತ ಜಾಸ್ತಿ ಉರಿದಿದ್ದು ಇದು. ಮುಂದೇನಾಗುತ್ತೆ ಅಂತ ನನಗೆ ಗೊತ್ತು, ನಾನು ಇದೇ ಕಸುಬಿನವನು. ಎಲ್ಲೋ ಒಂದು ಡ್ಯಾಶ್‌ಬೋರ್ಡಿನಲ್ಲಿ ಕನ್ನಡ ಬಳಸೋರ ಲೆಕ್ಕ ಒಂದು ಕಡಿಮೆ ಆಯ್ತು. ಮುಂದಿನ ವರ್ಷ ಯಾವನೋ ಮ್ಯಾನೇಜರು ಆ ಗ್ರಾಫು ನೋಡಿ "ಕನ್ನಡ ಯಾರೂ ಬಳಸ್ತಿಲ್ಲ, ತೆಗೆದುಬಿಡಿ" ಅಂತಾನೆ. ಆಗ ನಾವೆಲ್ಲ ಕನ್ನಡಿಗರಿಗೆ ಅಭಿಮಾನವಿಲ್ಲ ಅಂತ ಲೇಖನ ಬರೀತೀವಿ. ಅಪ್ಪನಿಗೆ ಅಭಿಮಾನ ಇತ್ತು ಸ್ವಾಮಿ. ಮೋಟ್ರು ಇರಲಿಲ್ಲ ಅಷ್ಟೇ.

ಈಗ ತಪ್ಪೊಪ್ಪಿಗೆ. ಆ ಕಂಟ್ರೋಲರ್ ಮಾಡಿದವರನ್ನು ಬೈಯೋಕೆ ಹೊರಟಾಗ ನನ್ನ ಹಳೇ ಮೇಲ್ ಒಂದು ನೆನಪಾಯ್ತು. ಮೂರು ವರ್ಷದ ಹಿಂದೆ, ಬೇರೆ ಕೆಲಸ, ಬೇರೆ ಆ್ಯಪ್. ಸಾವಿರಕ್ಕೂ ಮೇಲ್ಪಟ್ಟು ಇಂಗ್ಲಿಷ್ ಸಾಲುಗಳನ್ನು ಒಂದು ಎಕ್ಸೆಲ್ ಶೀಟಿಗೆ ಸುರಿದು ಅನುವಾದಕ್ಕೆ ಕಳಿಸಿದವನು ನಾನೇ. ಎರಡು ದಿನದಲ್ಲಿ ಅನುವಾದಕಿಯೊಬ್ಬರು ಕೇಳಿದ್ದರು: "412ನೇ ಸಾಲಿನ ಸೆಟ್ ಕ್ರಿಯಾಪದವೋ ನಾಮಪದವೋ? ಅದು ಬರುವ ಸ್ಕ್ರೀನಿನ ಚಿತ್ರ ಕಳಿಸಬಹುದೇ?" ಹುಡುಕಿ ತೆಗೆದು ನನ್ನ ಉತ್ತರ ಓದಿದೆ. "ಯಾವುದಾದರೂ ಪರವಾಗಿಲ್ಲ, ಶುಕ್ರವಾರದೊಳಗೆ ಬೇಕು."

ಯಾವುದಾದರೂ ಪರವಾಗಿಲ್ಲ!! ಒಂದು ವೇರಿಯೇಬಲ್ಲಿನ ಟೈಪ್ ತಪ್ಪಿದರೆ ಕೋಡ್ ರಿವ್ಯೂನಲ್ಲಿ ಹತ್ತು ಕಾಮೆಂಟ್ ಹಾಕೋ ನಾನು ಬರೆದ ಮಾತು ಇದು. ಪೈಥಾನಿನಲ್ಲಿ ‘ಸೆಟ್’ ಅಂದರೆ ಒಂದು ಸಮೂಹ, ಜಾವಾದಲ್ಲಿ ಹೆಸರಿನ ಮುಂದೆ ‘ಸೆಟ್’ ಬಂದರೆ ಬೆಲೆ ತುಂಬುವ ಕೆಲಸ, ಅಂತ ಕಣ್ಣು ಮುಚ್ಚಿಕೊಂಡು ಹೇಳ್ತೀವಿ. ಯಂತ್ರಕ್ಕೆ ಗೊಂದಲ ಆಗಬಾರದು ಅಂತ ನೇಮ್‌ಸ್ಪೇಸ್ ಮಾಡ್ತೀವಿ. ಮನುಷ್ಯರಿಗೆ ಮಾತ್ರ ಒಂಟಿ ‘ಸೆಟ್’ ಕೊಟ್ಟು, ಒಂದು ಕೀಗೆ ಒಂದೇ ವ್ಯಾಲ್ಯೂ ಇದೆ ಅನ್ನೋ ಹಾಗೆ, ಅದರ ಕನ್ನಡ ಕೊಡಿ ಅಂತೀವಿ.

ಉಪಾಯ ಇಲ್ಲದೇ ಇಲ್ಲ. ಮುಕ್ತ ತಂತ್ರಾಂಶಗಳಲ್ಲಿ ಬಹಳ ಬಳಕೆಯಲ್ಲಿರೋ ಜಿಎನ್‌ಯು ಗೆಟ್‌ಟೆಕ್ಸ್ಟ್ ಎಂಬ ಸಲಕರಣೆಯಲ್ಲಿ ಇಂಗ್ಲಿಷ್ ಸಾಲೇ ಕೀ. ಹಾಗಾಗಿ ಎರಡು ಕಡೆ ಬರೋ ಎರಡು ಅರ್ಥದ ‘ಸೆಟ್’ಗೆ ಒಂದೇ ಅನುವಾದ ಅಂಟಿಕೊಳ್ತಿತ್ತು. ಇಂಗ್ಲಿಷಿನ ಗೊಂದಲ ಎಲ್ಲ ಭಾಷೆಗೂ ಹಂಚಿಕೆ! ಅದನ್ನು ತಪ್ಪಿಸೋಕೆ ಪ್ರತಿ ಸಾಲಿಗೂ ಸಂದರ್ಭ ಬರೆಯೋ ಸೌಲಭ್ಯವನ್ನು 2006ರಲ್ಲೇ ಸೇರಿಸಿದರು. ಆಗ ನಾನು ಪ್ರೈಮರಿ ಸ್ಕೂಲಿನಲ್ಲಿದ್ದೆ. ಇಷ್ಟು ವರ್ಷ ಆದ ಮೇಲೂ ಆ ಒಂದು ಸಾಲು ತುಂಬೋಕೆ ನಮಗೆ ಸೋಮಾರಿತನ. ಈಗ ಎಐ ಇದೆಯಲ್ಲ ಅಂತೀರಾ? ಪೂರ್ತಿ ವಾಕ್ಯ ಕೊಟ್ಟರೆ ಅದು ಚೆನ್ನಾಗೇ ಮಾಡುತ್ತೆ. ಒಂಟಿ ‘ಸೆಟ್’ ಕೊಟ್ಟರೆ ಅದೂ ಕಣ್ಣು ಮುಚ್ಚಿ ಕವಡೆ ಹಾಕಬೇಕು.

ಇನ್ನು ನಮ್ಮ ಕನ್ನಡ ಪಡೆಗೂ ಒಂದು ಮಾತು ಹೇಳ್ಬೇಕು, ಬೇಜಾರಾದರೂ ಪರವಾಗಿಲ್ಲ. ‘ಇಂಗ್ಲಿಷ್ ಪದ – ಕನ್ನಡ ಪದ’ ಅಂತ ಎರಡು ಕಾಲಮ್ಮಿನ ಪಟ್ಟಿ ಮಾಡೋ ಚಟ ನಮಗೆಲ್ಲ ಇದೆ. ನಾನೂ ಮಾಡಿದ್ದೇನೆ. ಎಡಗಡೆ ಸೆಟ್, ಬಲಗಡೆ ಗಣ. ಆ ಪಟ್ಟಿಯಲ್ಲಿ ಅದು ಸರಿಯೇ, ಗಣಿತದ ಪಾಠಕ್ಕೆ ಗಣಕ್ಕಿಂತ ಒಳ್ಳೇ ಪದ ಇಲ್ಲ. ಅದೇ ಪದ ಮೋಟ್ರಿನ ಗುಂಡಿ ಮೇಲೆ ಬಂದರೆ ಅನಾಹುತ. ಕಿಟ್ಟೆಲ್ 1894ರಲ್ಲಿ ಮಂಗಳೂರಿನಲ್ಲಿ ತಂದ ನಿಘಂಟು ತೆಗೆದು ನೋಡಿ, ಪದದ ಜೊತೆ ಬಳಕೆಯನ್ನೂ ಗಾದೆಯನ್ನೂ ಕೊಟ್ಟಿದ್ದಾರೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನಲ್ಲಿ ಅರ್ಥದ ಜೊತೆಗೆ ಪ್ರಯೋಗವೂ ಇದೆ. ಪದ ಬದುಕೋದು ವಾಕ್ಯದಲ್ಲಿ ಅಂತ ನಮ್ಮ ಹಿರಿಯರಿಗೆ ಗೊತ್ತಿತ್ತು. ಕಾಲಮ್ಮಿನಲ್ಲಿ ಬದುಕುತ್ತೆ ಅಂದುಕೊಂಡವರು ನಾವು.

"ಹಾಗಾದ್ರೆ ಆ ಗುಂಡಿಗೆ ಏನು ಬರೀಬೇಕಿತ್ತು ಹೇಳಪ್ಪಾ?" ಅಂತ ಕೇಳ್ತೀರಿ. ಅಂಕಿ ಹಾಕಿದ ಮೇಲೆ ಒತ್ತೋ ಗುಂಡಿ, ‘ಉಳಿಸಿ’ ಅಂದರೆ ಸಾಕಿತ್ತು. ಇನ್ನೊಂದಕ್ಕೆ ‘ಅಂಕಿ ಅಳಿಸಿ’. ಅದೂ ಬೇಡವಾದರೆ ‘ಸೆಟ್ ಮಾಡಿ’ ಅಂತಲೇ ಕನ್ನಡ ಅಕ್ಷರದಲ್ಲಿ ಬರೆಯಿರಿ. ಅಪ್ಪನಿಗೆ ಪಂಪ್‌ಸೆಟ್ ಗೊತ್ತು, ಗಡಿಯಾರಕ್ಕೆ ಟೈಮು ಸೆಟ್ ಮಾಡೋದು ಗೊತ್ತು. ಅಯ್ಯೋ ಇಂಗ್ಲಿಷ್ ಪದ ಅಂತ ಮೂಗು ಮುರಿಯಬೇಡಿ. ಸೆಟ್ ದೋಸೆಯನ್ನು ಯಾವ ಆಕ್ಸ್‌ಫರ್ಡಿನವನು ಹುಯ್ದುಕೊಟ್ಟ? ‘ಸಿನಿಮಾ ಸೆಟ್ಟೇರಿತು’ ಅಂತ ಅದಕ್ಕೆ ‘ಏರು’ ಸೇರಿಸಿದವರು ನಮ್ಮ ಪತ್ರಕರ್ತರು. "ನಮ್ಮಿಬ್ರಿಗೂ ಸೆಟ್ಟಾಗಲ್ಲ ಕಣೋ" ಅಂತ ಹುಡುಗಿ ಹೇಳಿ ಹೋದಳಲ್ಲ, ಆ ಅರ್ಥ ಕೊಟ್ಟವರೂ ನಾವೇ. ಇಂಗ್ಲಿಷಿನವನಿಗೆ ಹಾಗೆ ಹೇಳಿದರೆ ಏನು ಸೆಟ್ಟಾಗಲ್ಲ ಅಂತ ಪಿಳಿಪಿಳಿ ನೋಡ್ತಾನೆ. 430ರ ಪಟ್ಟಿಗೆ ನಮ್ಮ ಕಡೆಯಿಂದ ಇವೂ ಸೇರಲಿ :-)

ನನ್ನ ಕಸುಬಿನ ಮಿತ್ರರಿಗೆ ಕೇಳೋದು ಮೂರೇ. ಒಂದು, ಅನುವಾದಕ್ಕೆ ಕಳಿಸೋ ಪ್ರತಿ ಪದದ ಪಕ್ಕ ಅದು ಎಲ್ಲಿ ಬರುತ್ತೆ, ಒತ್ತಿದರೆ ಏನಾಗುತ್ತೆ ಅಂತ ಒಂದು ಸಾಲು ಬರೆಯಿರಿ. ಎರಡು, ಅನುವಾದಕರು ಪ್ರಶ್ನೆ ಕೇಳಿದರೆ ಕೈ ಮುಗಿದು ಉತ್ತರ ಕೊಡಿ, ನಿಮ್ಮ ಕೆಲಸ ಅವರು ಮಾಡ್ತಿದ್ದಾರೆ. ಮೂರು, ಬಿಡುಗಡೆಗೆ ಮೊದಲು ಇಂಗ್ಲಿಷ್ ಬಾರದ ಒಬ್ಬರ ಕೈಗೆ ಫೋನ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತುಕೊಳ್ಳಿ. ಬಾಯಿ ಬಿಡಬೇಡಿ. ಹತ್ತು ನಿಮಿಷದಲ್ಲಿ ನಿಮ್ಮ ಕನ್ನಡ ಎಂಥದ್ದು ಅಂತ ಗೊತ್ತಾಗುತ್ತೆ.

ಆ ಅನುವಾದಕಿಗೆ ಕಳೆದ ವಾರ ಕ್ಷಮೆ ಕೇಳಿ ಮೇಲ್ ಬರೆದೆ. ಉತ್ತರ ಬಂತು. "412ನೇ ಸಾಲಿಗೆ ‘ಹೊಂದಿಸಿ’ ಅಂತ ಹಾಕಿದ್ದೆ. ಸರಿಯಿತ್ತೇ?" ಅಂತ ಕೇಳಿದ್ದಾರೆ. ನಾನು ಕೆಲಸ ಬದಲಾಯಿಸಿ ಎರಡು ವರ್ಷ ಆಯ್ತು. ಅದು ಯಾವ ಸ್ಕ್ರೀನಿನ ಸೆಟ್ಟು ಅಂತ ನನಗೇ ನೆನಪಿಲ್ಲ.

ನಿಮ್ಮ ಅಪ್ಪ ಅಮ್ಮಂದಿರ ಫೋನಿನಲ್ಲಿ ಇಂಥ ‘ಗಣ’ಗಳು ಎಷ್ಟಿವೆ? ಒಮ್ಮೆ ನೋಡಿ, ಸಿಕ್ಕಿದರೆ ಕೆಳಗೆ ಬರೆಯಿರಿ. ಪದ ಮಾತ್ರ ಬೇಡ, ಅದು ಬಂದ ಜಾಗವನ್ನೂ ಬರೆಯಿರಿ.